ದೊಡ್ಡ ಸ್ಕ್ರೀನ್, ಕಡಿಮೆ ಬೆಲೆ: ಅಪ್ಪನಿಗೆ ಫೋನ್ ತಗೊಳ್ಳುವಾಗ ಏನು ನೋಡಬೇಕು?

ಜಗಳೂರು ಜೋಳ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಹೊಸ ಫೋನ್ ತಗೋಬೇಕು. ಅವರಿಗೆ ಅರವತ್ತು ದಾಟಿದೆ, ಚಾಳೀಸು ಹಾಕಿಕೊಂಡೇ ಫೋನ್ ನೋಡುತ್ತಾರೆ. ಈಗಿರುವುದು 5.5 ಇಂಚಿನ ಹಳೇ ಫೋನ್, ಬ್ಯಾಟರಿ ಮಧ್ಯಾಹ್ನಕ್ಕೇ ಕೈಕೊಡುತ್ತದೆ. ಬಳಕೆ ಅಂದರೆ ವಾಟ್ಸಾಪ್, ಯೂಟ್ಯೂಬಿನಲ್ಲಿ ಸುದ್ದಿ, ಮೆಕ್ಕೆಜೋಳದ ರೇಟು, ಪಹಣಿ, ಮುಂಗಾರಿನಲ್ಲಿ ಬೆಳೆ ಸಮೀಕ್ಷೆ, ಅಂಗಡಿಯಲ್ಲಿ ಸ್ಕ್ಯಾನ್ ಮಾಡಿ ದುಡ್ಡು ಕೊಡುವುದು. ಆಟ ಗೀಟ ಏನೂ ಇಲ್ಲ.

ದಾವಣಗೆರೆಯಲ್ಲಿ ಒಂದು ಅಂಗಡಿಯವರು ಎರಡು ಫೋನ್ ತೋರಿಸಿದರು. ಒಂದು 6.88 ಇಂಚು, ಸುಮಾರು 10 ಸಾವಿರ. ಇನ್ನೊಂದು 6.7 ಇಂಚು, 15 ಸಾವಿರದ ಹತ್ತಿರ. "ದೊಡ್ಡದೂ ಹೌದು, ಅಗ್ಗವೂ ಹೌದು, ವಯಸ್ಸಾದವರಿಗೆ ಇದೇ ಸರಿ" ಅಂತ ಮೊದಲನೆಯದನ್ನೇ ಒತ್ತಿ ಹೇಳಿದರು. ದೊಡ್ಡದು ಅಗ್ಗವಾಗಿ ಸಿಗುತ್ತಿದ್ದರೆ ಒಳ್ಳೆಯದೇ, ಆದರೆ ಐದು ಸಾವಿರದ ವ್ಯತ್ಯಾಸ ಎಲ್ಲಿಂದ ಬಂತು ಅನ್ನುವುದು ಗೊತ್ತಾಗುತ್ತಿಲ್ಲ. ಬಲ್ಲವರು ಸ್ವಲ್ಪ ಬಿಡಿಸಿ ಹೇಳಿ.

ನಿಟ್ಟುವಳ್ಳಿ ಡಿಪ್ಲೊಮಾ

ಅಣ್ಣ, ಮೊದಲು ಇಂಚಿನ ಲೆಕ್ಕ ನೋಡೋಣ. ಡಬ್ಬಿಯ ಮೇಲೆ ಬರೆದಿರುವ ಇಂಚು ಮೂಲೆಯಿಂದ ಮೂಲೆಗೆ ಅಳೆದದ್ದು. ಸ್ಕ್ರೀನಿನ ಅಗಲ ಅದರಿಂದ ತಿಳಿಯುವುದಿಲ್ಲ.

ನಿಮ್ಮ ಅಪ್ಪನ ಹಳೇ 5.5 ಇಂಚಿನ ಫೋನ್ ಬಹುಶಃ 16:9 ಅಳತೆಯದು, ಅಂದರೆ ಉದ್ದ 16 ಪಾಲು ಇದ್ದರೆ ಅಗಲ 9 ಪಾಲು. ಅದರ ಸ್ಕ್ರೀನಿನ ಅಗಲ 68.5 ಮಿಲಿಮೀಟರ್ ಬರುತ್ತದೆ. ಈಗಿನ ಫೋನುಗಳು 20:9. 6.7 ಇಂಚಿನದರ ಅಗಲ 69.8 ಮಿಲಿಮೀಟರ್. ಅಂದರೆ ಅಗಲದಲ್ಲಿ ಹೆಚ್ಚಿದ್ದು ಒಂದು ಮಿಲಿಮೀಟರ್ ಚಿಲ್ಲರೆ, ಅಷ್ಟೇ. ಉಳಿದದ್ದೆಲ್ಲ ಉದ್ದ. ಅಗಲ ಅಷ್ಟೇ ಇದ್ದು ಉದ್ದ ಮಾತ್ರ ಬೆಳೆದ ಪಟ್ಟಿ ಹೊಲದ ಹಾಗೆ.

6.88 ಇಂಚಿನದು 720×1640 ಚುಕ್ಕಿಯದ್ದಾಗಿದ್ದರೆ (ಚುಕ್ಕಿ ಅಂದರೆ ಪಿಕ್ಸೆಲ್) ಇನ್ನೂ ಸ್ವಲ್ಪ ಉದ್ದ. ಅದರ ಅಗಲ 70.2 ಮಿಲಿಮೀಟರ್. 6.7ರ ಜೊತೆ ಹೋಲಿಸಿದರೆ ಅಗಲದಲ್ಲಿ ಅರ್ಧ ಮಿಲಿಮೀಟರೂ ವ್ಯತ್ಯಾಸ ಇಲ್ಲ. ಅಂಗಡಿಯವರು ಹೇಳಿದ "ದೊಡ್ಡದು" ಅನ್ನುವುದು ಅಷ್ಟು.

ವಿಡಿಯೋ ವಿಷಯಕ್ಕೂ ಇದೇ ಕಥೆ. ಯೂಟ್ಯೂಬಿನ ಸುದ್ದಿ ಚಾನೆಲ್‌ಗಳು 16:9ರಲ್ಲೇ ಬರುತ್ತವೆ. ಫೋನ್ ಅಡ್ಡ ಹಿಡಿದರೆ ಎರಡೂ ಬದಿಗೆ ಕಪ್ಪು ಪಟ್ಟಿ ಉಳಿಯುತ್ತದೆ, ನಡುವಿನ ಚಿತ್ರ ಸುಮಾರು 5.6 ಇಂಚು. ಹಳೇ ಫೋನಿನಲ್ಲಿ ಅದೇ ಚಿತ್ರ 5.5 ಇಂಚು ತುಂಬಿಕೊಂಡು ಬರುತ್ತಿತ್ತು.

ಹಾಗಂತ ಉದ್ದ ಸ್ಕ್ರೀನ್ ದಂಡ ಅಂತ ನಾನು ಹೇಳುತ್ತಿಲ್ಲ. ಅಕ್ಷರವನ್ನು ದೊಡ್ಡದು ಮಾಡಿಕೊಂಡರೂ ಸಾಕಷ್ಟು ಸಾಲು ಕಾಣಿಸುತ್ತವೆ. ಕೀಬೋರ್ಡ್ ಮೇಲೆ ಬಂದಾಗಲೂ ಓದಲು ಜಾಗ ಉಳಿಯುತ್ತದೆ. ವಯಸ್ಸಾದವರಿಗೆ ಸಿಗುವ ಲಾಭ ಇದು. ಆದರೆ ಆ ಲಾಭ ನಿಮಗೆ ತೋರಿಸಿದ ಎರಡೂ ಫೋನಿನಲ್ಲಿ ಇದೆ.

ದುರ್ಗದ ಕಲ್ಲು

ಇಂಚಿಗಿಂತ ಚುಕ್ಕಿ ಮುಖ್ಯ. 6.88ರಲ್ಲಿ ಎಚ್‌ಡಿ ಪ್ಲಸ್, ಅಂದರೆ ಆ 720×1640 ಇದ್ದರೆ ಒಂದು ಇಂಚಿಗೆ ಸುಮಾರು 260 ಚುಕ್ಕಿ ಸಿಗುತ್ತವೆ. 6.7ರಲ್ಲಿ ಫುಲ್ ಎಚ್‌ಡಿ ಪ್ಲಸ್, ಅಂದರೆ 1080×2400 ಇದ್ದರೆ 393. ಕನ್ನಡ ಓದುವವರಿಗೆ ಇದು ದೊಡ್ಡ ವಿಷಯ. ನಮ್ಮ ಅಕ್ಷರದ ಕೆಳಗೆ ಒತ್ತು ಬರುತ್ತದೆ, ಅದು ಅರ್ಧ ಗಾತ್ರದ್ದು. "ಶಾಸ್ತ್ರ", "ರಾಷ್ಟ್ರ" ಅಂತ ಸಣ್ಣ ಅಕ್ಷರದಲ್ಲಿ ಬಂದರೆ ಎಚ್‌ಡಿ ಪ್ಲಸ್‌ನಲ್ಲಿ ಒತ್ತುಗಳು ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ. ದಯವಿಟ್ಟು ಫುಲ್ ಎಚ್‌ಡಿಗಿಂತ ಕೆಳಗೆ ಇಳಿಯಬೇಡಿ.

ನಿಟ್ಟುವಳ್ಳಿ ಡಿಪ್ಲೊಮಾ

ಕಲ್ಲಣ್ಣ, ನಿಮಗೆ ನನಗೆ ಅದು ಸರಿ. ಅವರ ಅಪ್ಪನಿಗೆ ಅಷ್ಟು ಅನ್ವಯಿಸಲಿಕ್ಕಿಲ್ಲ.

ಚೆನ್ನಾಗಿ ಕಾಣುವ ಕಣ್ಣು ಬೇರೆ ಬೇರೆ ಅಂತ ಗುರುತಿಸಬಲ್ಲ ಎರಡು ಚುಕ್ಕಿಗಳ ಅಂತರ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. 40 ಸೆಂಟಿಮೀಟರ್ ದೂರದಲ್ಲಿ ಅದು 0.116 ಮಿಲಿಮೀಟರ್ ಆಗುತ್ತದೆ. ಎಚ್‌ಡಿ ಪ್ಲಸ್ ಫೋನಿನ ಒಂದು ಚುಕ್ಕಿ 0.098 ಮಿಲಿಮೀಟರ್. ವಯಸ್ಸಾದವರು ಫೋನನ್ನು ದೂರ ಹಿಡಿದೇ ಓದುತ್ತಾರೆ ಅಲ್ವಾ? ಅಷ್ಟು ದೂರದಿಂದ ಚುಕ್ಕಿ ಕಾಣಿಸುವುದಿಲ್ಲ. ಕಾಲೇಜು ಹುಡುಗಿ 25 ಸೆಂಟಿಮೀಟರಿನಲ್ಲಿ ಹಿಡಿದರೆ ಖಂಡಿತ ಕಾಣಿಸುತ್ತದೆ.

ಇನ್ನೊಂದು ಮಾತು. ಫುಲ್ ಎಚ್‌ಡಿ ಪ್ಲಸ್‌ನಲ್ಲಿ ಸುಮಾರು 2.2 ಪಟ್ಟು ಚುಕ್ಕಿ. ಕಡಿಮೆ ಬೆಲೆಯ ಪ್ರೊಸೆಸರ್ ಅಷ್ಟನ್ನೂ ಓಡಿಸಬೇಕು. ಹಾಗಾಗಿ ಎಚ್‌ಡಿ ಪ್ಲಸ್ ಅಂದ ತಕ್ಷಣ ಕಳಪೆ ಅನ್ನಬೇಡಿ.

ದುರ್ಗದ ಕಲ್ಲು

ದೂರದ ಲೆಕ್ಕ ಒಪ್ಪುತ್ತೇನೆ. ಆದರೆ ಪಹಣಿಯನ್ನು ಯಾರೂ 40 ಸೆಂಟಿಮೀಟರ್ ದೂರದಿಂದ ಓದುವುದಿಲ್ಲ. ಸರ್ವೆ ನಂಬರಿನ ಹಿಸ್ಸಾ ನೋಡಬೇಕಾದರೆ ಮೂಗಿನ ಹತ್ತಿರವೇ ತರಬೇಕು.

ಹೊಳಲ್ಕೆರೆ ತೋಟದವ

ಇಬ್ಬರೂ ನೆರಳಲ್ಲಿ ಕೂತು ಮಾತಾಡುತ್ತಿದ್ದೀರಿ. ಜೋಳದವರೇ, ನಿಮ್ಮ ಅಪ್ಪ ಬೆಳೆ ಸಮೀಕ್ಷೆ ಮಾಡುತ್ತಾರೆ ಅಂದಿರಿ. ಅದನ್ನು ಹೊಲದಲ್ಲೇ ನಿಂತು ಮಾಡಬೇಕು. ಸರ್ವೆ ನಂಬರಿನ ಗಡಿಯೊಳಗೆ ಇದ್ದರೆ ಮಾತ್ರ ಆ್ಯಪ್ ಮುಂದಕ್ಕೆ ಹೋಗುತ್ತದೆ. ಬೆಳೆ ಆರಿಸಬೇಕು, ಫೋಟೋ ತೆಗೆಯಬೇಕು, ಸೇರಿಸಬೇಕು. ಮೇಲೆ ಬಿಸಿಲು, ಎಲೆಯ ಮೇಲಿಂದಲೂ ಹೊಳಪು. ಆಗ ನಿಮ್ಮ 393 ಚುಕ್ಕಿಯೂ ಅಷ್ಟೇ, 260 ಚುಕ್ಕಿಯೂ ಅಷ್ಟೇ. ಸ್ಕ್ರೀನಿನಲ್ಲಿ ಕಾಣುವುದು ನಮ್ಮದೇ ಮುಖ.

ಹೊಲಕ್ಕೆ ಬೇಕಾದದ್ದು ಬೆಳಕು. ನಿಟ್ಸ್ ಅಂತ ಬರೆದಿರುತ್ತಾರೆ. ಅದರಲ್ಲೂ ಎರಡು ಥರ ಇದೆ. ಇಡೀ ಸ್ಕ್ರೀನ್ ಬಿಸಿಲಲ್ಲಿ ಎಷ್ಟು ಬೆಳಗುತ್ತದೆ ಅನ್ನುವುದು ಒಂದು. "ಪೀಕ್" ಅಂತ ಬರೆಯುವುದು ಇನ್ನೊಂದು, ಅದು ಸ್ಕ್ರೀನಿನ ಸಣ್ಣ ಭಾಗಕ್ಕೆ, ಸ್ವಲ್ಪ ಹೊತ್ತಿಗೆ ಮಾತ್ರ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಬರುವುದು ಎರಡನೆಯದು.

ಅಂಗಡಿಯವರಿಗೆ ಹೇಳಿ ಡೆಮೊ ಫೋನನ್ನು ರಸ್ತೆಗೆ ತನ್ನಿ. ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ. ಬ್ರೈಟ್‌ನೆಸ್ ಪೂರ್ತಿ ಏರಿಸಿ, ಆಟೋ ಕೂಡ ಆನ್ ಮಾಡಿ, ಯಾಕೆಂದರೆ ಎಷ್ಟೋ ಫೋನುಗಳು ಆಟೋ ಇದ್ದಾಗ ಮಾತ್ರ ಬಿಸಿಲಿನ ಬೆಳಕಿಗೆ ಏರುತ್ತವೆ. ಎರಡನ್ನೂ ಪಕ್ಕಪಕ್ಕ ಹಿಡಿದು ಅಪ್ಪನಿಗೇ ಓದಲು ಹೇಳಿ. ಕಾಗದದ ಮೇಲಿನ ಲೆಕ್ಕಕ್ಕಿಂತ ಅದು ಮೇಲು.

ನಿಂತ ಜಾಗದ ಸರ್ವೆ ನಂಬರನ್ನು ನಕ್ಷೆಯಲ್ಲಿ ತೋರಿಸುವ ದಿಶಾಂಕ್ ಆ್ಯಪ್ ಬಳಸುವುದಿದ್ದರೆ ಕಂಪಾಸ್ ಇದೆಯಾ ಅಂತಲೂ ನೋಡಿ. ಅಗ್ಗದ ಕೆಲವು ಫೋನುಗಳಲ್ಲಿ ಅದನ್ನು ಬಿಟ್ಟಿರುತ್ತಾರೆ. ಆಗ ನಕ್ಷೆಯಲ್ಲಿ ನಾವಿರುವ ಚುಕ್ಕಿ ಬರುತ್ತದೆ, ಯಾವ ಕಡೆ ಮುಖ ಮಾಡಿದ್ದೇವೆ ಅನ್ನುವುದು ಬರುವುದಿಲ್ಲ. ಬದುವಿನ ಹತ್ತಿರ ನಿಂತಾಗ ಇದರ ಬೆಲೆ ತಿಳಿಯುತ್ತದೆ.

ಪಿಬಿ ರಸ್ತೆ ರಿಪೇರಿ

ನಾನು ಮೊಬೈಲ್ ರಿಪೇರಿ ಮಾಡುವವನು. ಟೇಬಲ್ಲಿನ ಈ ಕಡೆಯಿಂದ ಕಂಡದ್ದನ್ನು ಹೇಳುತ್ತೇನೆ.

ಉದ್ದ ಫೋನುಗಳು ಅಂಗಿ ಜೇಬಿನಿಂದ ಜಾಸ್ತಿ ಬೀಳುತ್ತವೆ. 6.88 ಇಂಚಿನ ಫೋನ್ ಹದಿನೇಳು ಸೆಂಟಿಮೀಟರ್ ಎತ್ತರ, 200 ಗ್ರಾಂ ದಾಟುತ್ತದೆ. ಅರ್ಧ ಜೇಬಿನ ಹೊರಗೇ ಇರುತ್ತದೆ. ಬಗ್ಗಿದ ತಕ್ಷಣ ಮುಖ ಕೆಳಗಾಗಿ ನೆಲಕ್ಕೆ. ಹಾಗಾಗಿ ಡಿಸ್‌ಪ್ಲೇ ಹಾಕಿಸುವ ಖರ್ಚನ್ನೂ ಫೋನಿನ ಬೆಲೆಯ ಜೊತೆಗೇ ಲೆಕ್ಕ ಹಾಕಿ.

ಸ್ಕ್ರೀನಿನಲ್ಲಿ ಎರಡು ಜಾತಿ: ಹಿಂದಿನಿಂದ ದೀಪ ಹಾಯಿಸುವ ಎಲ್‌ಸಿಡಿ, ಚುಕ್ಕಿ ತಾನೇ ಬೆಳಗುವ ಅಮೋಲೆಡ್. ಎಲ್‌ಸಿಡಿ ಆದರೆ ಬದಲಿಸುವ ಖರ್ಚು ಕಡಿಮೆ. ಅಮೋಲೆಡ್ ಆದರೆ ಜಾಸ್ತಿ, ಬಹಳವೇ ಜಾಸ್ತಿ. ಆ ಖರ್ಚು ನೋಡಿ ಜನ ಕಾಪಿ ಡಿಸ್‌ಪ್ಲೇ ಹಾಕಿಸುತ್ತಾರೆ. ಕಾಪಿ ಅಂದರೆ ಹಲವು ಸಲ ಅಮೋಲೆಡ್ ಜಾಗದಲ್ಲಿ ಎಲ್‌ಸಿಡಿ ಕೂರಿಸುವುದು. ಬೆಳಕು ಮಂದ, ದಪ್ಪ ಜಾಸ್ತಿ. ಸ್ಕ್ರೀನಿನೊಳಗೆ ಬೆರಳಚ್ಚು ಇರುವ ಫೋನಾಗಿದ್ದರೆ ಅದೂ ನಿಂತುಹೋಗುತ್ತದೆ, ಯಾಕೆಂದರೆ ಆ ಸೆನ್ಸರ್ ಕೆಲಸ ಮಾಡುವುದು ಅಮೋಲೆಡ್ ಗಾಜಿನ ಮೂಲಕ ಬೆಳಕು ಹಾಯಿಸಿ. ಅಲ್ಲಿಗೆ ಬರೀ ಆರು ತಿಂಗಳ ಹಿಂದೆ ತಗೊಂಡ ಒಳ್ಳೇ ಸ್ಕ್ರೀನಿನ ಫೋನ್ ಹಳೇ ಅಗ್ಗದ ಫೋನಿಗಿಂತ ಕೆಟ್ಟದಾಗುತ್ತದೆ. ಹಳ್ಳಿಯಲ್ಲಿ, ಹೊಲದಲ್ಲಿ ಓಡಾಡುವವರಿಗೆ ಪಕ್ಕದ ಬಟನ್ನಿನಲ್ಲಿ ಬೆರಳಚ್ಚು ಇರುವ ಎಲ್‌ಸಿಡಿ ಫೋನ್ ಒಳ್ಳೆಯದು ಅಂತ ನಾನು ಹೇಳುವುದು ಇದಕ್ಕೇ. ಅಮೋಲೆಡ್ ಚೆಂದ, ಅನುಮಾನವೇ ಇಲ್ಲ. ಮನೆ, ಆಫೀಸಿನಲ್ಲಿ ಇರುವವರು ಧೈರ್ಯವಾಗಿ ತಗೊಳ್ಳಲಿ.

ಎರಡನೆಯದು, ನನ್ನ ಟೇಬಲ್ಲಿಗೆ "ಫೋನ್ ಸ್ಲೋ ಆಗಿದೆ" ಅಂತ ಬರುವ ಫೋನುಗಳಲ್ಲಿ ಮೊದಲು ನಾನು ನೋಡುವುದು ಸ್ಟೋರೇಜು. 64 ಜಿಬಿಯಲ್ಲಿ ಆಂಡ್ರಾಯ್ಡೇ ದೊಡ್ಡ ಪಾಲು ತಿಂದಿರುತ್ತದೆ. ಉಳಿದದ್ದಕ್ಕೆ ವಾಟ್ಸಾಪಿನ ಶುಭೋದಯ, ಮದುವೆ ವಿಡಿಯೋ, ಊರಿನ ಜಾತ್ರೆ. ತುಂಬಿಕೊಂಡ ಫೋನ್ ತೆವಳುತ್ತದೆ. 128 ಜಿಬಿಗಿಂತ ಕಡಿಮೆ ತಗೋಬೇಡಿ. ಮೆಮೊರಿ ಕಾರ್ಡ್ ಹಾಕುತ್ತೇನೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ, ಫೋಟೋ ಅಲ್ಲಿಗೆ ಹೋಗಬಹುದು, ಆ್ಯಪ್ ಕೂರುವುದು ಒಳಗಿನ ಸ್ಟೋರೇಜಿನಲ್ಲೇ.

ಸ್ಟೋರೇಜಿನಲ್ಲೂ ಎರಡು ಥರದ ಚಿಪ್ ಬರುತ್ತದೆ, ಇಎಂಎಂಸಿ ಇದೆಯೋ ಯುಎಫ್‌ಎಸ್ ಇದೆಯೋ ಕೇಳಿ. ಇಎಂಎಂಸಿ 5.1ರ ಮೇಲ್ಮಿತಿಯೇ ಸೆಕೆಂಡಿಗೆ 400 ಎಂಬಿ, ಓದುವುದು ಬರೆಯುವುದು ಒಂದಾದ ಮೇಲೆ ಒಂದು. ಯುಎಫ್‌ಎಸ್ 2.2 ಇದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ವೇಗ, ಎರಡೂ ಕೆಲಸ ಒಟ್ಟಿಗೇ ಮಾಡುತ್ತದೆ. ನಿಮ್ಮ ಐದು ಸಾವಿರದ ವ್ಯತ್ಯಾಸದ ಒಂದು ತುಂಡು ಇಲ್ಲೇ ಇದೆ. ಹೊಸದರಲ್ಲಿ ತಿಳಿಯುವುದಿಲ್ಲ, ಎರಡನೇ ವರ್ಷಕ್ಕೆ ಚೆನ್ನಾಗಿ ತಿಳಿಯುತ್ತದೆ.

ಡಬ್ಬಿಯ ಮೇಲೆ "8 ಜಿಬಿ" ಅಂತ ದೊಡ್ಡದಾಗಿ ಬರೆದು ಪಕ್ಕದಲ್ಲಿ ಸಣ್ಣಕ್ಷರದಲ್ಲಿ 4+4 ಅಂತ ಇದ್ದರೆ ನಿಜವಾದ ರ್‍ಯಾಮ್ ನಾಲ್ಕೇ. ಇನ್ನು ನಾಲ್ಕು ಸ್ಟೋರೇಜಿನಿಂದ ಎರವಲು. ಇಎಂಎಂಸಿ ಫೋನಿನಲ್ಲಿ ಆ ಎರವಲು ನಿಧಾನದ ಎರವಲು.

ಹಿಂದೆ ಮೂರು ಕ್ಯಾಮೆರಾ ಇವೆ ಅಂತ ಖುಷಿಪಡಬೇಡಿ. ಈ ಬೆಲೆಯಲ್ಲಿ ಸಾಮಾನ್ಯವಾಗಿ ಕೆಲಸಕ್ಕೆ ಬರುವುದು ಒಂದೇ, ಉಳಿದವು ಹೆಸರಿಗಷ್ಟೇ.

ವಿದ್ಯಾನಗರ ಓದುಗಿ

ರಿಪೇರಿ ಅಣ್ಣನ ಮಾತು ಹೊಸದಾಗಿತ್ತು. ಯಾವ ರಿವ್ಯೂನಲ್ಲೂ ಒಡೆದ ಮೇಲಿನ ಕಥೆ ಹೇಳುವುದಿಲ್ಲ. ಒಂದು ಪ್ರಶ್ನೆ: ಓದುವುದೇ ಮುಖ್ಯ ಆದರೆ ಸಿಮ್ ಹಾಕುವ 8.7 ಇಂಚಿನ ಟ್ಯಾಬ್ ಯಾಕಾಗಬಾರದು? ಅಗಲ ಹನ್ನೊಂದು ಸೆಂಟಿಮೀಟರ್ ಮೇಲೆ ಸಿಗುತ್ತದೆ. ನಮ್ಮ ಅಜ್ಜಿ ಇ-ಪತ್ರಿಕೆಯನ್ನು ಅದರಲ್ಲೇ ಓದುತ್ತಾರೆ. ಫೋನಿನಲ್ಲಿ ಒಂದೊಂದು ಕಾಲಂ ಹಿಗ್ಗಿಸಿ ಸರಿಸುವುದು ಅವರ ಕೈಗೆ ಆಗುತ್ತಿರಲಿಲ್ಲ.

ಜಗಳೂರು ಜೋಳ

ಅಕ್ಕ, ಮನೆಯಲ್ಲೇ ಇರುವವರಿಗೆ ಅದು ಬಹಳ ಒಳ್ಳೆಯ ದಾರಿ. ಅಪ್ಪ ಬೆಳಿಗ್ಗೆ ಬೈಕ್ ಹತ್ತಿದರೆ ಸಂಜೆಯೇ ಮನೆಗೆ. ಜೇಬಿಗೆ ಹೋಗದಿದ್ದರೆ ಅವರು ತಗೊಂಡು ಹೋಗುವುದೇ ಇಲ್ಲ.

ಚಳ್ಳಕೆರೆ ಮೇಷ್ಟ್ರು

ಎಲ್ಲರೂ ಕಣ್ಣಿಗೆ ಕಾಣುವುದನ್ನೇ ಮಾತಾಡಿದ್ದೀರಿ. ಫೋನಿನಲ್ಲಿ ಬ್ಯಾಂಕ್ ಖಾತೆ ಇದೆ, ಯುಪಿಐ ಇದೆ. ಆದ್ದರಿಂದ ಎಷ್ಟು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತಾರೆ ಅನ್ನುವುದನ್ನು ಬೆಲೆಯ ಜೊತೆಗೇ ಓದಬೇಕು.

10 ಸಾವಿರದ ಫೋನಿಗೆ ಎರಡು ವರ್ಷ ಅಪ್‌ಡೇಟ್ ಇದ್ದರೆ ವರ್ಷಕ್ಕೆ 5,000 ರೂಪಾಯಿ ಬಿತ್ತು. 15 ಸಾವಿರದ್ದಕ್ಕೆ ನಾಲ್ಕು ವರ್ಷ ಇದ್ದರೆ ವರ್ಷಕ್ಕೆ 3,750. ನಡುವೆ ಒಂದು ಸಲ ಬ್ಯಾಟರಿ ಬದಲಿಸಿದರೂ ಎರಡನೆಯದೇ ಅಗ್ಗ.

ಹಾಗಂತ ಬೆಲೆ ಜಾಸ್ತಿ ಇದ್ದರೆ ವರ್ಷ ಜಾಸ್ತಿ ಅಂತ ನಿಯಮ ಏನಿಲ್ಲ. 2025ರ ಫೆಬ್ರುವರಿಯಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಫ್06 5ಜಿ ಬಂದಾಗ ಹತ್ತು ಸಾವಿರದ ಆಸುಪಾಸಿನಲ್ಲಿತ್ತು, 6.7 ಇಂಚು, ಎಚ್‌ಡಿ ಪ್ಲಸ್ ಎಲ್‌ಸಿಡಿ. ಅದಕ್ಕೆ ನಾಲ್ಕು ವರ್ಷದ ಭರವಸೆ ಇದೆ. 2024ರ ಕೊನೆಯಲ್ಲಿ ಬಂದ ಎ16 5ಜಿಗೆ ಆರು ವರ್ಷ, ಅದು ಫುಲ್ ಎಚ್‌ಡಿ ಅಮೋಲೆಡ್, ಬಂದಾಗ ಬೆಲೆ ನಿಮ್ಮ ಮಿತಿಗಿಂತ ಮೇಲಿತ್ತು. ಇವನ್ನೇ ತಗೊಳ್ಳಿ ಅಂತಲ್ಲ. ಒಂದೇ ಅಳತೆಯ ಫೋನುಗಳಲ್ಲೂ ಆಯುಷ್ಯ ಎಷ್ಟು ಬೇರೆ ಇರಬಹುದು ಅಂತ ತೋರಿಸಲು ಹೇಳಿದೆ. ಫೋನ್ ಬಿಡುಗಡೆಯಾದ ದಿನದಿಂದ ಆ ವರ್ಷಗಳು ಶುರುವಾಗುತ್ತವೆ ಅನ್ನುವುದೂ ನೆನಪಿರಲಿ. ಒಂದೂವರೆ ವರ್ಷ ಹಳೇ ಮಾಡೆಲ್ಲನ್ನು ರಿಯಾಯಿತಿಯಲ್ಲಿ ತಗೊಂಡರೆ ಅಷ್ಟು ಆಯುಷ್ಯ ಆಗಲೇ ಕಳೆದಿರುತ್ತದೆ.

5ಜಿ ಬೇಕಾ ಅಂತ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್ 1ಕ್ಕೆ. ನಾಲ್ಕು ವರ್ಷ ಇಟ್ಟುಕೊಳ್ಳುವ ಫೋನ್ ಆದರೆ 5ಜಿಯದೇ ಇರಲಿ. ಬಿಎಸ್‌ಎನ್‌ಎಲ್ ಸಿಮ್ ಇದ್ದರೆ 4ಜಿ ಬ್ಯಾಂಡ್ 28 (ಅವರ 4ಜಿ ಸಿಗ್ನಲ್ ಬರುವ ಒಂದು ತರಂಗ) ಇದೆಯಾ ನೋಡಿ.

ದುರ್ಗದ ಕಲ್ಲು

ಮೇಷ್ಟ್ರೇ, ವರ್ಷದ ಲೆಕ್ಕ ಚೆನ್ನಾಗಿದೆ. ಆದರೆ ರೈತರ ಮನೆಯಲ್ಲಿ ಮೆಕ್ಕೆಜೋಳ ಮಾರಿ ಬಂದ ದುಡ್ಡಿನಲ್ಲಿ ಇವತ್ತು ಐದು ಸಾವಿರ ಹೆಚ್ಚು ಕೊಡುವುದು, ನಾಲ್ಕು ವರ್ಷದಲ್ಲಿ ಉಳಿಯುತ್ತದೆ ಅನ್ನುವುದು, ಎರಡೂ ಒಂದೇ ಅಲ್ಲ. ಬಿತ್ತನೆ ಟೈಮಿಗೆ ಆ ಐದು ಸಾವಿರಕ್ಕೆ ಬೇರೆ ಕೆಲಸ ಇರುತ್ತದೆ.

ಚಳ್ಳಕೆರೆ ಮೇಷ್ಟ್ರು

ಒಪ್ಪಿದೆ. ಹಾಗಿದ್ದಾಗ 10 ಸಾವಿರದಲ್ಲೇ ಆಯುಷ್ಯ ಜಾಸ್ತಿ ಇರುವುದನ್ನು ಹುಡುಕಬೇಕು. ಇಂಚು 0.18 ಕಡಿಮೆ ಆದರೂ ಪರವಾಗಿಲ್ಲ.

ಜಗಳೂರು ಜೋಳ

ಎಲ್ಲರಿಗೂ ಧನ್ಯವಾದ. ಅಪ್ಪನನ್ನೇ ಕರೆದುಕೊಂಡು ಹೋಗಿದ್ದೆ. ಕಲ್ಲಣ್ಣ ಪಹಣಿ ಅಂದದ್ದರಿಂದ ನಮ್ಮದೇ ಪಹಣಿಯ ಪಿಡಿಎಫ್ ಅನ್ನು ಎರಡೂ ಡೆಮೊ ಫೋನಿಗೆ ಕಳಿಸಿಕೊಂಡೆ, ಬರುವಾಗ ಅಳಿಸಿದೆ.

ನೆಟ್ಟಗೆ ಹಿಡಿದರೆ ಎರಡರಲ್ಲೂ ಏನೂ ಓದಲಾಗಲಿಲ್ಲ. ಪಹಣಿ ಅಡ್ಡ ಹಾಳೆ, ಕಾಲಂ ಮೇಲೆ ಕಾಲಂ. ಅಡ್ಡ ತಿರುಗಿಸಿದಾಗ 6.88ರಲ್ಲಿ ಹಾಳೆ ಒಂದು ಎಳೆ ದೊಡ್ಡದಾಗಿ ಬಂತು, ನಿಜ. ಆದರೆ ಸ್ವಾಧೀನದಾರರ ಹೆಸರಿರುವ ಕಾಲಂನಲ್ಲಿ ಒತ್ತಕ್ಷರಗಳು ಕಲಸಿಕೊಂಡಿದ್ದವು. ವಿಸ್ತೀರ್ಣದ ಕಾಲಂನಲ್ಲಿ ಎಕರೆ, ಗುಂಟೆ ಪಕ್ಕಪಕ್ಕ ಇರುತ್ತವಲ್ಲ, ಅಲ್ಲಿ ಅಪ್ಪ ೨ ಅನ್ನುವುದನ್ನು ೩ ಅಂತ ಓದಿದರು. 6.7ರ ಫುಲ್ ಎಚ್‌ಡಿಯಲ್ಲಿ ಅಕ್ಷರ ಇನ್ನೂ ಸಣ್ಣದಾಗಿತ್ತು, ಆದರೆ ಗೆರೆ ಬಿಡಿಬಿಡಿಯಾಗಿ ಇತ್ತು. ಹತ್ತಿರ ತಂದು ಸರಿಯಾಗಿ ಓದಿದರು. ಬೆರಳಿನಲ್ಲಿ ಹಿಗ್ಗಿಸಿದ ಮೇಲೆ ಎರಡರಲ್ಲೂ ಚೆನ್ನಾಗಿಯೇ ಕಂಡಿತು. ವಾಟ್ಸಾಪ್ ಮೆಸೇಜಿನಲ್ಲಿ ಅಪ್ಪನಿಗೆ ಯಾವ ವ್ಯತ್ಯಾಸವೂ ಗೊತ್ತಾಗಲಿಲ್ಲ, ಡಿಪ್ಲೊಮಾ ತಮ್ಮ ಹೇಳಿದ ಹಾಗೆಯೇ.

ಆಮೇಲೆ ಹೊರಗೆ ತಂದೆವು. ಅಂಗಡಿಯ ಹುಡುಗ ಒಳ್ಳೆಯವನು, ತಾನೇ ಬಂದು ಜೊತೆಗೆ ನಿಂತ. ಬಿಸಿಲಲ್ಲಿ 10 ಸಾವಿರದ ಫೋನಿನಲ್ಲಿ ಅಪ್ಪ ಕೈ ಅಡ್ಡ ಹಿಡಿದು ಓದಬೇಕಾಯಿತು. ಇನ್ನೊಂದರಲ್ಲಿ ಕೈ ಅಡ್ಡ ಹಿಡಿಯದೆ ಓದಿದರು. ನನಗೆ ಅದರಲ್ಲೇ ಉತ್ತರ ಸಿಕ್ಕಿತು. ಆದರೂ ಇವತ್ತು ತಗೊಂಡಿಲ್ಲ. ಬಿಲ್ಲು, ಕಂತಿನ ವಿಷಯ ಕೇಳಿಕೊಂಡು ಹೋಗೋಣ ಅಂತ ಬಂದೆ.

ಪಿಬಿ ರಸ್ತೆ ರಿಪೇರಿ

ಜಿಎಸ್‌ಟಿ ಬಿಲ್ ಇಲ್ಲದೆ ತಗೋಬೇಡಿ. ಮೊಬೈಲ್ ಮೇಲೆ 2020ರ ಏಪ್ರಿಲ್‌ನಿಂದ 18 ಪರ್ಸೆಂಟ್ ಇದೆ, ಹೇಳುವ ಬೆಲೆಯಲ್ಲೇ ಅದು ಸೇರಿರುತ್ತದೆ. "ಬಿಲ್ ಬೇಡ ಅಂದರೆ ಐನೂರು ಬಿಡ್ತೀನಿ" ಅನ್ನುವವರು ಸಿಗುತ್ತಾರೆ. ಆ ಐನೂರು ಉಳಿಸಿದವರು ವಾರಂಟಿ ಟೈಮಿನಲ್ಲಿ ನನ್ನ ಹತ್ತಿರ ಬಂದು ಎರಡು ಮೂರು ಸಾವಿರ ಕೊಟ್ಟು ಹೋಗುತ್ತಾರೆ. ಬೇಸರ ಆಗುತ್ತದೆ.

ಸೀಲ್ ಒಡೆದ ತಕ್ಷಣ *#06# ಒತ್ತಿ. ಬರುವ ಐಎಂಇಐ ನಂಬರ್ (ಪ್ರತಿ ಫೋನಿಗೂ ಬೇರೆ ಇರುವ ಗುರುತಿನ ನಂಬರ್), ಡಬ್ಬಿಯ ಮೇಲಿನದು, ಬಿಲ್ಲಿನ ಮೇಲಿನದು, ಮೂರೂ ಒಂದೇ ಇರಬೇಕು. ಕೆವೈಎಂ ಅಂತ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಟೈಪ್ ಮಾಡಿ, ಜಾಗ ಬಿಟ್ಟು ಆ ನಂಬರ್ ಬರೆದು 14422ಕ್ಕೆ ಮೆಸೇಜ್ ಕಳಿಸಿದರೆ ಅದು ಯಾವ ಮಾಡೆಲ್ಲಿನದು ಅಂತ ಉತ್ತರ ಬರುತ್ತದೆ. ಮುಂದೆ ಏನಾದರೂ ತಕರಾರು ಬಂದು ಅಂಗಡಿಯವರು ಕೇಳದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಅದಕ್ಕೂ ಬಿಲ್ ಬೇಕು.

ಚಳ್ಳಕೆರೆ ಮೇಷ್ಟ್ರು

ಕಂತಿನ ಬಗ್ಗೆ: "ನೋ ಕಾಸ್ಟ್" ಅಂದರೂ ಪ್ರೊಸೆಸಿಂಗ್ ಶುಲ್ಕ ಇರಬಹುದು. ಕ್ರೆಡಿಟ್ ಕಾರ್ಡಿನ ಕಂತಾದರೆ ಬಡ್ಡಿಯ ಮೇಲೆ ಜಿಎಸ್‌ಟಿಯೂ ಬೀಳುತ್ತದೆ. ಒಟ್ಟು ಎಷ್ಟು ಕಟ್ಟಬೇಕು ಅಂತ ಬರೆಸಿಕೊಳ್ಳಿ. ಪೂರ್ತಿ ದುಡ್ಡು ಒಟ್ಟಿಗೆ ಕೊಟ್ಟರೆ ಎಷ್ಟು ಅಂತಲೂ ಕೇಳಿ, ಎರಡನ್ನೂ ಕಳೆದು ನೋಡಿ.

ಹೊಳಲ್ಕೆರೆ ತೋಟದವ

ಸರ್ವಿಸ್ ಸೆಂಟರ್ ದಾವಣಗೆರೆಯಲ್ಲೇ ಇದೆಯಾ ಅಂತ ಕೇಳಿದಿರಾ? ಜಗಳೂರಿನಿಂದ ದಾವಣಗೆರೆಗೆ ಬಂದು ಹೋಗಬಹುದು. ಬೆಂಗಳೂರಿಗೆ ಕಳಿಸಬೇಕು ಅಂದರೆ ಅಷ್ಟು ದಿನ ಅಪ್ಪನ ಕೈಯಲ್ಲಿ ಫೋನ್ ಇರುವುದಿಲ್ಲ.

ಜಗಳೂರು ಜೋಳ

ಕೇಳಿದೆ, ದಾವಣಗೆರೆಯಲ್ಲೇ ಇದೆ.

ತಗೊಂಡಾಯಿತು. 6.7 ಇಂಚು, ಫುಲ್ ಎಚ್‌ಡಿ ಪ್ಲಸ್, ಎಲ್‌ಸಿಡಿ, 6 ಜಿಬಿ ರ್‍ಯಾಮ್, 128 ಜಿಬಿ ಯುಎಫ್‌ಎಸ್. ಬೆರಳಚ್ಚು ಪಕ್ಕದ ಬಟನ್ನಿನಲ್ಲಿ. ಅಪ್‌ಡೇಟ್ ಇನ್ನೂ ಮೂರು ವರ್ಷದ ಮೇಲೆ ಇದೆ. ಒಟ್ಟಿಗೇ ದುಡ್ಡು ಕೊಟ್ಟೆವು, ಬಿಲ್ ಇದೆ, ನಂಬರ್ ತಾಳೆ ಆಯಿತು. ಐದು ಸಾವಿರದಲ್ಲಿ ಸ್ವಲ್ಪ ನಾನು ಹಾಕಿದೆ, ಅಪ್ಪನಿಗೆ ಹೇಳಿಲ್ಲ.

ಈಗ ಒಂದು ತೊಂದರೆ. ಅಕ್ಷರದ ಗಾತ್ರ ಪೂರ್ತಿ ಏರಿಸಿದರೆ ಬೆಳೆ ಸಮೀಕ್ಷೆ ಆ್ಯಪಿನಲ್ಲಿ ಬಟನ್ನಿನ ಮೇಲಿನ ಕನ್ನಡ ಅರ್ಧಕ್ಕೇ ಕತ್ತರಿಸಿಹೋಗುತ್ತಿದೆ, ಕೆಳಗಿನ ಒತ್ತು ಕಾಣುತ್ತಿಲ್ಲ.

ನಿಟ್ಟುವಳ್ಳಿ ಡಿಪ್ಲೊಮಾ

ಅಣ್ಣ, ಸೆಟ್ಟಿಂಗ್ಸ್‌ನಲ್ಲಿ ಎರಡು ಇವೆ, ಫಾಂಟ್ ಸೈಜ್ ಮತ್ತು ಡಿಸ್‌ಪ್ಲೇ ಸೈಜ್. ಫಾಂಟನ್ನು ನಡುವಿನಿಂದ ಒಂದೇ ಹಂತ ಮೇಲಕ್ಕೆ ಇಡಿ. ಡಿಸ್‌ಪ್ಲೇ ಸೈಜನ್ನು ಒಂದೆರಡು ಹಂತ ಏರಿಸಿ. ಆಗ ಬಟನ್ನೂ ಅಕ್ಷರದ ಜೊತೆಗೇ ದೊಡ್ಡದಾಗುತ್ತದೆ, ಒತ್ತು ಕತ್ತರಿಸುವುದು ಕಡಿಮೆಯಾಗುತ್ತದೆ. ಉದ್ದ ಸ್ಕ್ರೀನ್ ಇರುವುದರಿಂದ ಕೆಳಗಿನ ಬಟನ್ ಹೊರಗೆ ಹೋಗುವುದಿಲ್ಲ.

ಜಗಳೂರು ಜೋಳ

ಸರಿಹೋಯಿತು ತಮ್ಮ. ವಾಟ್ಸಾಪಿನಲ್ಲೂ ಚೆನ್ನಾಗಿ ಬರುತ್ತಿದೆ. ರಿಪೇರಿ ಅಣ್ಣ, ಜೇಬಿನಿಂದ ಬೀಳದ ಹಾಗೆ ಕೊರಳಿಗೆ ಹಾಕುವ ದಾರ ಇರುವ ಕವರ್ ನಿಮ್ಮಲ್ಲಿ ಸಿಗುತ್ತದಾ?

ಪಿಬಿ ರಸ್ತೆ ರಿಪೇರಿ

ಸಿಗುತ್ತದೆ. ಬರುವಾಗ ಫೋನ್ ತನ್ನಿ, ಪವರ್ ಬಟನ್ ಮುಚ್ಚದಂಥದ್ದನ್ನು ನೋಡಿ ಕೊಡುತ್ತೇನೆ, ಬೆರಳಚ್ಚು ಅಲ್ಲೇ ಇದೆ ಅಲ್ವಾ.